ಎರಡು ನಿಮಿಷ ನೀರು ಹಾಯಿಸಿ ನಂಬಿ ಕೂರಬೇಡಿ

ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಇಂಜಿನ್ ಸಮುದ್ರದ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. ಹಾಗಾಗಿ ಸಮುದ್ರದಿಂದ ಬಂದ ಮೇಲೆ ಅದಕ್ಕೆ ಸಿಹಿನೀರು ಹಾಯಿಸಬೇಕು ಅನ್ನುವುದು ನನಗೆ ಗೊತ್ತಿತ್ತು, ತಪ್ಪದೆ ಹಾಯಿಸುತ್ತಲೂ ಇದ್ದೆ. ಆದರೂ ಇಂಜಿನ್ ಕೆಟ್ಟಿತು.

ದೋಣಿ ಮನೆಗೆ ತಂದು, ಇಂಜಿನ್ ಪೂರ್ತಿ ಆರಿದ ಮೇಲೆ, ನೀರೆಳೆಯುವ ಕಿಂಡಿಗಳಿಗೆ ರಬ್ಬರ್ ಕಪ್ ಹಾಕಿ ಪೈಪು ಜೋಡಿಸುತ್ತಿದ್ದೆ. ಎರಡು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದೆ. ಪಕ್ಕದ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮುವುದು ಕಂಡರೆ ಒಳಗೆಲ್ಲ ತೊಳೆದಾಯಿತು ಅಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ, ದಡ ಬರೀ ಗೆರೆಯಂತೆ ಕಾಣುವಷ್ಟು ದೂರದಲ್ಲಿ ಇಂಜಿನ್ ಅತಿಯಾಗಿ ಬಿಸಿಯಾದರೆ ಕೂಗುವ ಅಲಾರಂ ಹೊಡೆದುಕೊಂಡಿತು. ಇಂಜಿನ್ ತಾನಾಗಿಯೇ ವೇಗ ಇಳಿಸಿತು. ತೂತಿನ ನೀರು ಮಾತ್ರ ಎಂದಿನಂತೆ ಚಿಮ್ಮುತ್ತಲೇ ಇತ್ತು. ಸೆನ್ಸರ್ ಕೆಟ್ಟಿರಬೇಕು ಎಂದು ಇನ್ನಷ್ಟು ದೂರ ಓಡಿಸಿದೆ. ಆಗಲೇ ನಿಲ್ಲಿಸಬೇಕಿತ್ತು. ಕೊನೆಗೆ ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಜೊತೆಯಲ್ಲಿ ಮಗಳಿದ್ದಳು. ಗಾಳಿ ಎದ್ದಿದ್ದರೆ ಅನ್ನುವ ಯೋಚನೆ ಇವತ್ತಿಗೂ ಬಿಟ್ಟಿಲ್ಲ.

ಮೆಕ್ಯಾನಿಕ್ ಬಿಚ್ಚಿದಾಗ ಥರ್ಮೋಸ್ಟಾಟ್, ಅಂದರೆ ಕಾವಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಕವಾಟದ ಸುತ್ತ ಬಿಳಿ ಉಪ್ಪು ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಿಲ್ಲಿಸಿದ ಇಂಜಿನ್ನಿನ ಕಾವಿಗೆ ಒಳಗುಳಿದ ನೀರು ಇಂಗಿ ಉಪ್ಪು ಅಲ್ಲೇ ಅಂಟಿಕೊಳ್ಳುತ್ತದೆ. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ಬಿಸಿಯಾದ ಮೇಲಷ್ಟೇ ತೆರೆಯುತ್ತದೆ. ನನ್ನ ಎರಡು ನಿಮಿಷದಲ್ಲಿ ಅದು ತೆರೆದೇ ಇರಲಿಲ್ಲ, ಸಿಹಿನೀರು ಉಪ್ಪಿದ್ದ ಕಡೆ ಸರಿಯಾಗಿ ಹರಿದೇ ಇರಲಿಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಚಿಮ್ಮುವ ನೀರು ಥರ್ಮೋಸ್ಟಾಟ್ ತಲುಪುವ ಮೊದಲೇ ಕವಲೊಡೆದು ಬರುತ್ತದೆ. ಪಂಪು ನೀರೆತ್ತುತ್ತಿದೆ ಅನ್ನುವುದಕ್ಕಷ್ಟೇ ಅದು ಸಾಕ್ಷಿ.

ಈಗ ನ್ಯೂಟ್ರಲ್‌ನಲ್ಲಿ, ಐಡಲ್ ವೇಗದಲ್ಲೇ, 10ರಿಂದ 15 ನಿಮಿಷ ಓಡಿಸುತ್ತೇನೆ. ಮೊದಲು ನಲ್ಲಿ ತಿರುಗಿಸಿ ಆಮೇಲೆ ಇಂಜಿನ್ ಶುರು ಮಾಡಿ. ನಿಲ್ಲಿಸುವಾಗ ಮೊದಲು ಇಂಜಿನ್, ಆಮೇಲೆ ನಲ್ಲಿ. ನೀರಿಲ್ಲದೆ ಓಡಿದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಬಲುಬೇಗ ಹಾಳಾಗುತ್ತದೆ, ಕಪ್ ಜಾರಿದರೂ ಅದೇ ಗತಿ. ಹಾಗಾಗಿ ಪಕ್ಕದಲ್ಲೇ ನಿಂತಿರಿ, ಮಕ್ಕಳನ್ನು ಪ್ರೊಪೆಲ್ಲರ್ ಹತ್ತಿರ ಬಿಡಬೇಡಿ. ಪೈಪನ್ನು ನೇರವಾಗಿ ತಿರುಗಿಸಿ ಹಾಕುವ ಫ್ಲಶ್ ಪೋರ್ಟ್ ಇದ್ದರೆ ಕ್ರಮ ಬೇರೆ, ಹಲವು ಮಾದರಿಗಳಲ್ಲಿ ಆಗ ಇಂಜಿನ್ ಓಡಿಸಲೇಬಾರದು. ನಿಮ್ಮ ಇಂಜಿನ್ನಿನ ಕೈಪಿಡಿ ನೋಡಿಕೊಳ್ಳಿ.

ಮುಗಿದ ಮೇಲೆ ಇಂಜಿನ್ನನ್ನು ನೆಟ್ಟಗೆ ಇಳಿಬಿಟ್ಟು ನೀರು ಪೂರ್ತಿ ಸೋರಲು ಬಿಡಿ. ಈ ಸಲ ಸೀಸನ್ ಶುರುವಾಗುವ ಮೊದಲು ಥರ್ಮೋಸ್ಟಾಟ್ ಒಮ್ಮೆ ಬಿಚ್ಚಿಸಿ ನೋಡಿ.