ಡೇಟಾಬೇಸ್ ವಿನ್ಯಾಸ ಕಲಿಯಲು ಮೂರು ಪುಸ್ತಕ: ಶಾಮಿಯಾನ ಅಂಗಡಿಯ ಲೆಕ್ಕದಲ್ಲಿ ಒರೆಗೆ ಹಚ್ಚಿದಾಗ

ಮೈಕೆಲ್ ಹೆರ್ನಾಂಡೆಜ್ ಅವರ ‘ಡೇಟಾಬೇಸ್ ಡಿಸೈನ್ ಫಾರ್ ಮಿಯರ್ ಮಾರ್ಟಲ್ಸ್’ ಪುಸ್ತಕವನ್ನೇ ಮೊದಲು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಾಗರದಲ್ಲಿರುವ ನಮ್ಮ ಭಾವನವರ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಅಂಗಡಿಗೆ ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಅಕ್ಸೆಸ್‌ನಲ್ಲಿ ಬುಕಿಂಗ್ ವ್ಯವಸ್ಥೆ ಮಾಡಿಕೊಡುವಾಗ ಇದರ ಜೊತೆಗೆ ಇನ್ನೆರಡನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಒಂದು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಿಲ್ಬರ್‌ಶಾಟ್ಜ್, ಕೋರ್ಥ್ ಮತ್ತು ಸುದರ್ಶನ್ ಅವರ ‘ಡೇಟಾಬೇಸ್ ಸಿಸ್ಟಮ್ ಕಾನ್ಸೆಪ್ಟ್ಸ್’. ಇನ್ನೊಂದು, ಸಾವಿರ ಪುಟ ದಾಟುವ ಒಂದು ಅಕ್ಸೆಸ್ ಕೈಪಿಡಿ.

ಅಂಗಡಿಯ ಲೆಕ್ಕ ಅದುವರೆಗೆ ಎಕ್ಸೆಲ್‌ನಲ್ಲಿತ್ತು. ಒಂದು ಬುಕಿಂಗ್‌ಗೆ ಒಂದು ಸಾಲು, ಆ ಸಾಲಿನಲ್ಲಿ ಸಾಮಾನು 1, ಎಣಿಕೆ 1, ಸಾಮಾನು 2, ಎಣಿಕೆ 2 ಎಂದು ಎಂಟರವರೆಗೆ ಕಾಲಂಗಳು. ಒಂಬತ್ತನೆಯ ಸಾಮಾನು ಬಂದರೆ ಅದಕ್ಕೆ ‘ಷರಾ’ ಕಾಲಮೇ ಗತಿ. ಇಂಥ ಹಾಳೆಯಿಂದ ಬರುವ ಭಾನುವಾರಕ್ಕೆ ಎಷ್ಟು ಕೊಪ್ಪರಿಗೆ ಉಳಿದಿವೆ ಎಂಬ ಸರಳ ಪ್ರಶ್ನೆಗೂ ಉತ್ತರ ಹೊರಡುವುದಿಲ್ಲ. ಹೆರ್ನಾಂಡೆಜ್ ಅವರ ಕ್ರಮದಲ್ಲಿ ಕಂಪ್ಯೂಟರ್ ಬಹಳ ತಡವಾಗಿ ಬರುತ್ತದೆ. ಮೊದಲು ಡೇಟಾಬೇಸಿನ ಉದ್ದೇಶವನ್ನು ಬರೆದಿಟ್ಟುಕೊಳ್ಳಬೇಕು, ಬಳಸುವವರನ್ನು ಕೂರಿಸಿಕೊಂಡು ಕೇಳಬೇಕು, ಹಳೆಯ ಬಿಲ್ಲು, ಚೀಟಿಗಳನ್ನೆಲ್ಲ ಕಲೆಹಾಕಬೇಕು. ಹಾಗೆ ಕೇಳುತ್ತ ಕುಳಿತಾಗ ಭಾವ, ‘ಕೊಟ್ಟ ಕುರ್ಚಿ ಎಲ್ಲಾ ವಾಪಸ್ ಬರ್ತದಾ ಮಾರಾಯ? ಮುರಿದದ್ದು, ಕಳೆದದ್ದು ಎಲ್ಲಿ ಬರೆಯೋದು?’ ಎಂದರು. ಬುಕಿಂಗ್ ಟೇಬಲ್ಲಿಗೂ ಸಾಮಾನಿನ ಟೇಬಲ್ಲಿಗೂ ನಡುವೆ ‘ಬುಕಿಂಗ್ ವಿವರ’ ಎಂಬ ಮೂರನೆಯ ಟೇಬಲ್ ಇರಬೇಕು, ಕೊಟ್ಟ ಎಣಿಕೆ ಮತ್ತು ಮರಳಿದ ಎಣಿಕೆ ಅಲ್ಲಿ ಬೇರೆ ಬೇರೆ ಫೀಲ್ಡುಗಳು, ಅಂದರೆ ಕಾಲಂಗಳು, ಆಗಬೇಕು, ಸೀಸನ್ನಿಗೆ ತಕ್ಕಂತೆ ಬದಲಾಗುವ ಬಾಡಿಗೆ ದರವೂ ಬುಕಿಂಗ್ ಆದ ದಿನದ ಲೆಕ್ಕದಲ್ಲಿ ಅಲ್ಲೇ ಉಳಿಯಬೇಕು ಎಂಬುದೆಲ್ಲ ಆ ಮಾತುಕತೆಯಿಂದಲೇ ತೀರ್ಮಾನವಾಯಿತು. ಕಾಲೇಜಿನ ಪುಸ್ತಕವಾಗಲಿ ಕೈಪಿಡಿಯಾಗಲಿ ನನ್ನನ್ನು ಅಂಗಡಿಯವರ ಮುಂದೆ ಹೀಗೆ ಕೂರಿಸಲಿಲ್ಲ.

ಕಾಲೇಜಿನ ಪುಸ್ತಕದ ತೂಕ ಬೇರೆಯೇ. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ, ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ರಿಲೇಷನಲ್ ಮಾದರಿಯ ಹಿಂದಿನ ತರ್ಕ ಯಾಕೆ ನಿಲ್ಲುತ್ತದೆ ಎಂದು ತಿಳಿಯಬೇಕಾದವರು ಇದನ್ನೇ ಓದಬೇಕು. ಆದರೆ ಅದರ ಬಹುಪಾಲು ಪುಟಗಳು ಡೇಟಾಬೇಸ್ ಎಂಜಿನ್ನಿನ ಒಳಗನ್ನು, ಅಂದರೆ ಇಂಡೆಕ್ಸ್, ಟ್ರಾನ್ಸಾಕ್ಷನ್, ರಿಕವರಿ ಇತ್ಯಾದಿಗಳನ್ನು ಕುರಿತವು. ನನಗೆ ದಕ್ಕಿದ್ದು ನಾರ್ಮಲೈಸೇಷನ್ (ಒಂದೇ ಮಾಹಿತಿ ಹಲವು ಕಡೆ ಮರುಕಳಿಸದಂತೆ ಟೇಬಲ್ಲುಗಳನ್ನು ಒಡೆಯುವ ಕ್ರಮ) ಅಧ್ಯಾಯವೊಂದೇ.

ಕೈಪಿಡಿಯ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಫಾರ್ಮ್, ಸಬ್‌ಫಾರ್ಮ್, ರಿಪೋರ್ಟುಗಳ ವಿಷಯದಲ್ಲಿ ಅದಿಲ್ಲದೆ ನನ್ನ ಕೆಲಸ ಸಾಗುತ್ತಿರಲಿಲ್ಲ. ಅದು ನನ್ನ ತಲೆ ತಿಂದದ್ದು ತಾರೀಕಿನ ವಿಷಯದಲ್ಲಿ. ಅಕ್ಸೆಸ್‌ನ ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಲ್ಲಿ) ತಾರೀಕನ್ನು ಎರಡು ಹ್ಯಾಷ್ (#) ಚಿಹ್ನೆಗಳ ನಡುವೆ ಬರೆಯುತ್ತಾರೆ. ವಿಂಡೋಸ್‌ನಲ್ಲಿ ಭಾರತದ ಪದ್ಧತಿಯನ್ನೇ ಆರಿಸಿಕೊಂಡಿದ್ದರೂ ಅಕ್ಸೆಸ್ ಅಲ್ಲಿ ಅಮೆರಿಕದ ಕ್ರಮದಂತೆ ಮೊದಲ ಅಂಕಿಯನ್ನು ತಿಂಗಳೆಂದೇ ಓದುತ್ತದೆ. ಹಾಗಾಗಿ 5/4 ಎಂದರೆ ನಮಗೆ ಏಪ್ರಿಲ್ 5, ಅದಕ್ಕೆ ಮೇ 4. ಮದುವೆಯ ಸೀಸನ್ನಿನಲ್ಲಿ ಇದರ ಫಲ ಏನೆಂದು ಊಹಿಸಬಹುದು: ಇನ್ನೂರು ಕುರ್ಚಿ ಹೊರಗೆ ಹೋಗಬೇಕಾದ ದಿನ ಪರದೆಯ ಮೇಲೆ ಅಷ್ಟೂ ಖಾಲಿ ಎಂದು ಕಾಣುತ್ತಿತ್ತು. ಇನ್ನೂ ಕೆಟ್ಟ ಸಂಗತಿಯೆಂದರೆ, ತಾರೀಕು 13 ಅಥವಾ ಅದಕ್ಕೂ ಮುಂದಿನದಾದರೆ ಆ ಅಂಕಿ ತಿಂಗಳಾಗಲು ಸಾಧ್ಯವಿಲ್ಲದ ಕಾರಣ, ಅಕ್ಸೆಸ್ ಸದ್ದಿಲ್ಲದೆ ಅದನ್ನು ದಿನವೆಂದು ತೆಗೆದುಕೊಂಡು ಸರಿಯಾದ ಉತ್ತರವನ್ನೇ ಕೊಡುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ಬಹುತೇಕ ತಪ್ಪು, ಉಳಿದ ದಿನ ಸರಿ, ಎರಡಕ್ಕೂ ಯಾವ ಎಚ್ಚರಿಕೆಯ ಸಂದೇಶವೂ ಇಲ್ಲ.

ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯ, ಡಿಸೈನ್ ವ್ಯೂ ಎಂಬ ಪರದೆಯಲ್ಲಿ ತಾರೀಕು ಬರೆದರೆ ಈ ತೊಡಕು ಕಾಣುವುದಿಲ್ಲ, ಏಕೆಂದರೆ ಅಲ್ಲಿ ನಮ್ಮ ಪದ್ಧತಿಯಲ್ಲಿ ಬರೆದದ್ದನ್ನು ಅಕ್ಸೆಸ್ ತಾನೇ ಅಮೆರಿಕದ ಕ್ರಮಕ್ಕೆ ತಿರುಗಿಸಿಕೊಳ್ಳುತ್ತದೆ. ಫಾರ್ಮಿನ ಪೆಟ್ಟಿಗೆಯಲ್ಲಿ ತುಂಬಿದ ತಾರೀಕನ್ನು ವಿಬಿಎ (ಅಕ್ಸೆಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡಿನಲ್ಲಿ ಹ್ಯಾಷ್‌ಗಳ ನಡುವೆ ನೇರವಾಗಿ ಜೋಡಿಸಿದಾಗ ಮಾತ್ರ ಎಡವಟ್ಟಾಗುತ್ತದೆ. ಕೈಪಿಡಿ ಕಲಿಸುವುದೂ ಹಾಗೆ ಜೋಡಿಸುವುದನ್ನೇ; ಅದರ ಉದಾಹರಣೆಗಳೆಲ್ಲ ಅಮೆರಿಕದ ತಾರೀಕುಗಳಾದ್ದರಿಂದ ಅಲ್ಲಿಯ ಓದುಗನಿಗೆ ತೊಂದರೆಯೇ ಇಲ್ಲ. ಫಾರ್ಮ್ಯಾಟ್ ಫಂಕ್ಷನ್ ಬಳಸಿ ತಾರೀಕನ್ನು ವರ್ಷ-ತಿಂಗಳು-ದಿನ ಎಂಬ ಕ್ರಮಕ್ಕೆ ತಂದು ಆಮೇಲೆ ಜೋಡಿಸಿದರೆ ಗೊಂದಲ ಮುಗಿಯುತ್ತದೆ. ಒಂದೇ ಸಾಲಿನ ಈ ಪರಿಹಾರಕ್ಕೆ ಅಷ್ಟು ದಪ್ಪದ ಪುಸ್ತಕದಲ್ಲಿ ಜಾಗವಿರಲಿಲ್ಲ!

ಅಕ್ಸೆಸ್ 2007ರಿಂದ ಬಂದ, ಒಂದೇ ಫೀಲ್ಡಿನಲ್ಲಿ ಹಲವು ಮೌಲ್ಯ ತುಂಬಿಸುವ ಸೌಲಭ್ಯವನ್ನು ಕೈಪಿಡಿ ಅನುಕೂಲವೆಂದು ಪರಿಚಯಿಸುತ್ತದೆ; ಹೆರ್ನಾಂಡೆಜ್ ಅವರ ಪ್ರಕಾರ ಅಂಥ ಫೀಲ್ಡೇ ಮೊದಲು ಸರಿಪಡಿಸಬೇಕಾದ ದೋಷ, ನನ್ನ ಮತವೂ ಅದೇ.

ಹೆರ್ನಾಂಡೆಜ್ ಅವರಲ್ಲಿ ಕೊರತೆ ಇಲ್ಲವೆಂದಲ್ಲ. ಹೇಳಿದ್ದನ್ನೇ ಹೇಳುತ್ತಾರೆ, ಎಸ್‌ಕ್ಯೂಎಲ್ ಕಲಿಸುವುದಿಲ್ಲ, ಪರದೆಯ ಮೇಲೆ ಏನಾದರೂ ಬೇಗ ಕಾಣಬೇಕೆನ್ನುವವರಿಗೆ ತಾಳ್ಮೆ ಸಾಲದು. ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಗೀಚುತ್ತ ಓದುವ ನನ್ನ ಅಭ್ಯಾಸಕ್ಕೆ ಅದು ಹೊಂದಿತು. ಖರ್ಚಿನ ಮಾತಿಗೆ ಬಂದರೆ, 2020ರ ನಾಲ್ಕನೆಯ ಆವೃತ್ತಿಯೇ ಬೇಕೆಂದಿಲ್ಲ. 2013ರ ಮೂರನೆಯ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಕಾಲೇಜಿನ ಪುಸ್ತಕವನ್ನು ಯಾರಾದರೂ ವಿದ್ಯಾರ್ಥಿಯಿಂದ ಎರವಲು ಪಡೆಯಬಹುದು. ಕೈಪಿಡಿಯನ್ನು ಮಾತ್ರ ನಿಮ್ಮಲ್ಲಿರುವ ಅಕ್ಸೆಸ್ ಆವೃತ್ತಿಗೆ ಹತ್ತಿರದ್ದನ್ನೇ ನೋಡಿ ಕೊಳ್ಳಿರಿ, ಏಕೆಂದರೆ 2007ಕ್ಕಿಂತ ಹಿಂದಿನದಾದರೆ ಅದರಲ್ಲಿ ತೋರಿಸುವ ಮೆನುಗಳು ಇಂದಿನ ರಿಬ್ಬನ್‌ನಲ್ಲಿ ಎಲ್ಲಿವೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.