ಪೆರುವಿಗೆ ‘ಆಂಡಿಸ್ ದೀಕ್ಷೆ’ ಪಡೆಯಲು ಹೊರಟವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದೆ. ಮನೆಯವರಿಗೂ ಅರ್ಧವೇ ಹೇಳಿದ್ದೆ. ಹೋದ ವಾರ ನನ್ನ ಯೋಗ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು, "ಮೇಡಂ, ನೀವು ಹೋಗಿದ್ರಲ್ಲ, ಅದೇ ಪೆರು ಟ್ರಿಪ್ಪಿಗೆ ನಾನೂ ಅಡ್ವಾನ್ಸ್ ಕಟ್ತಿದೀನಿ" ಅಂದಳು. ಎದೆ ಧಸಕ್ಕೆಂದಿತು. ಇನ್ನು ಸುಮ್ಮನಿರುವುದು ತಪ್ಪು ಅನಿಸಿತು.

ನಾನು ಮೈಸೂರಿನ ಗೋಕುಲಂನವಳು. ಹತ್ತು ವರ್ಷದಿಂದ ಯೋಗ ಹೇಳಿಕೊಡುತ್ತಿದ್ದೇನೆ. ವಿದೇಶದವರು ನಮ್ಮ ಬೀದಿಗೆ ಬಂದು, ಒಂದೇ ತಿಂಗಳಲ್ಲಿ ‘ಗುರು’ಗಳಾಗಿ, ಸರ್ಟಿಫಿಕೇಟು ಹಿಡಿದು ಹೋಗುವುದನ್ನು ನೋಡಿ ಎಷ್ಟು ಸಲ ನಕ್ಕಿದ್ದೇನೋ! ಈಗ ನನ್ನ ಬೀರುವಿನಲ್ಲೂ ಒಂದು ಸರ್ಟಿಫಿಕೇಟು ಇದೆ. ಹನ್ನೆರಡು ದಿನದ್ದು. ನಗುವವರು ನಗಬಹುದು.

ಬೆಂಗಳೂರಿನ ಕೋಆರ್ಡಿನೇಟರ್ ಒಬ್ಬಳು ಫೋನ್ ಮಾಡಿದ್ದಳು. ಅಚ್ಚ ಕನ್ನಡ, ಬೆಣ್ಣೆಯಂಥ ಮಾತು. "ಅಕ್ಕ, ಇದು ಟೂರ್ ಅಲ್ಲ, ಯಾತ್ರೆ. ಕೆರೋ ಜನ ಇಂಕಾಗಳ ಕೊನೇ ವಂಶ. ಐನೂರು ವರ್ಷ ಯಾರ ಕಣ್ಣಿಗೂ ಬೀಳದೆ ಬೆಟ್ಟದಲ್ಲಿ ವಿದ್ಯೆ ಕಾಪಾಡಿಕೊಂಡು ಬಂದವರು. ಅವರ ಹಳ್ಳಿಯಲ್ಲೇ ಮೂರು ರಾತ್ರಿ, ಅವರ ಪಾಕೋಗಳ ಕೈಯಿಂದಲೇ ದೀಕ್ಷೆ." ಪಾಕೋ ಅಂದರೆ ಅಲ್ಲಿಯ ಪೂಜಾರಿಯೂ ಹೌದು, ವೈದ್ಯನೂ ಹೌದು. ದೀಕ್ಷೆಗೆ ಕಾರ್ಪಾಯ್ ಅನ್ನುತ್ತಾರೆ. ಬ್ರೋಶರಿನಲ್ಲಿ ನಾಲ್ವರು ‘ಆಲ್ಟೋಮಿಸಾಯೋಕ್’ಗಳ ಫೋಟೋ ಇತ್ತು. ಅದು ಅವರಲ್ಲಿ ದೊಡ್ಡ ಪದವಿ. ಸಿಡಿಲು ಹೊಡೆದೂ ಬದುಕಿ ಉಳಿದವರಿಗೆ ಬೆಟ್ಟದ ದೇವರೇ ಕೊಡುವಂಥದ್ದು ಅನ್ನುತ್ತಾರೆ, ಅಂಥವರು ಬಹಳ ಕಡಿಮೆ. ಒಂದು ಬ್ರೋಶರಿನಲ್ಲಿ ನಾಲ್ವರು! ಆಗಲೇ ನನಗೆ ಅನುಮಾನ ಬರಬೇಕಿತ್ತು, ಅಲ್ವಾ?

ಬರಲಿಲ್ಲ. 3,200 ಡಾಲರ್ ಕಟ್ಟಿದೆ. ವಿಮಾನದ ಖರ್ಚು ಬೇರೆ. ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿ ಇತ್ತು, ಅದಿದ್ದರೆ ಪೆರುವಿಗೆ ಬೇರೆ ವೀಸಾ ಬೇಕಿಲ್ಲ ಅಂತ ಹೇಳಿದರು. ಆ ಒಂದು ಮಾತು ನಿಜವಾಗಿತ್ತು.

ಪೆರುವಿನ ರಾಜಧಾನಿ ಲಿಮಾ ಸಮುದ್ರದ ದಂಡೆಯಲ್ಲಿದೆ. ಅಲ್ಲಿಂದ ಕುಸ್ಕೋಗೆ ಒಂದೂಕಾಲು ಗಂಟೆಯ ವಿಮಾನ, ಇಳಿದರೆ 3,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಲೆಕ್ಕ ಹಾಕಿಕೊಳ್ಳಿ. ನಮ್ಮನ್ನು ಅಲ್ಲಿಂದ ಕಣಿವೆಯ ಪಿಸಾಕ್ ಊರಿಗೆ ಇಳಿಸಿದರು. ಅದು ಸ್ವಲ್ಪ ತಗ್ಗು, ಅಷ್ಟರ ಮಟ್ಟಿಗೆ ಸರಿ. ಅಲ್ಲಿದ್ದ ಆಯೋಜಕ ಆಂಡಿಸ್‌ನವನಲ್ಲ, ಪೆರುವಿನವನೂ ಅಲ್ಲ. ಎಲ್ಲಿಂದಲೋ ಬಂದು ನೆಲೆಸಿ, ಅಲ್ಲಿಯ ಬೆಟ್ಟದ ಜನರ ಭಾಷೆಯಾದ ಕೆಚುವಾದ ಹೆಸರು ಇಟ್ಟುಕೊಂಡಿದ್ದ. ಅನುವಾದಕನೂ ಅವನೇ. ಮೊದಲ ದಿನವೇ ಎಲ್ಲರಿಗೂ ಮಣಿ ಪೋಣಿಸಿದ ಗುಲಾಬಿ ಟೋಪಿ ಹಾಕಿಸಿ ಫೋಟೋ ತೆಗೆದ.

ಎರಡನೇ ದಿನ ಉಪವಾಸ. ಉಪವಾಸದಲ್ಲೇ ಊರಿನ ಮೇಲಿನ ಸರೋವರಕ್ಕೆ ಕರೆದುಕೊಂಡು ಹೋದರು. 4,000 ಮೀಟರಿಗೂ ಮೇಲೆ! ಬಂದು ಇನ್ನೂ ಎರಡು ದಿನ ಆಗಿಲ್ಲ! ಡಾಕ್ಟರಾದ ನನ್ನ ಭಾವ ಎತ್ತರದ ಜಾಗಕ್ಕೆ ಅಂತ ಅಸಿಟಜೋಲಮೈಡ್ ಮಾತ್ರೆ ಬರೆದುಕೊಟ್ಟಿದ್ದರು. "ದೀಕ್ಷೆ ಮುಗಿಯೋವರೆಗೂ ಮಾತ್ರೆ ಬೇಡ ಅಕ್ಕ, ಶಕ್ತಿ ಹರಿಯೋಕೆ ಅಡ್ಡ ಬರುತ್ತೆ" ಅಂದಿದ್ದಳು ಬೆಂಗಳೂರಿನವಳು. ಮಾತ್ರೆ ಬ್ಯಾಗಿನಲ್ಲೇ ಉಳಿಯಿತು. ನನ್ನ ಬುದ್ಧಿಗೆ ಏನನ್ನಬೇಕು.

ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಎರಡು ಸಲ ವಾಂತಿ. ನಡೆದರೆ ಕುಡಿದವಳ ಹಾಗೆ ಕಾಲು ತಡವರಿಸುತ್ತಿತ್ತು. ಬಂದಿದ್ದ ಪಾಕೋ ಒಬ್ಬರೇ, ನಾಲ್ವರಲ್ಲ. ವಯಸ್ಸಾದವರು, ಒಣಗಿ ಸುಕ್ಕಾದ ಮುಖ. ನನ್ನನ್ನು ನೋಡಿದವರೇ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬಂದರು. ಹಣೆ ಮುಟ್ಟಿದರು. ಆಯೋಜಕನ ಕಡೆ ತಿರುಗಿ ಏನೋ ಹೇಳಿದರು, ನಾಲ್ಕೈದು ಮಾತು, ಅಷ್ಟೇ. ಕೈ ಕೆಳಗೆ ತೋರಿಸಿದರು.

ಅವನು ಕಣ್ಣು ಮುಚ್ಚಿ ಎರಡು ನಿಮಿಷ ಅನುವಾದ ಮಾಡಿದ. "ಬೆಟ್ಟದ ದೇವರು ನಿನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ. ಒಳಗಿನ ಭಾರ ಹೊರಗೆ ಬರುತ್ತಿದೆ. ಭೂಮಿತಾಯಿ ಪಾಚಮಾಮಾ ಕೈ ಚಾಚಿ ಕರೆಯುತ್ತಿದ್ದಾಳೆ, ಕೂತ್ಕೋ, ಬಿಟ್ಟುಕೊಡು."

ನಾನು ಕೂತೆ. ಇನ್ನೂ ಎರಡು ಗಂಟೆ ಕೂತೆ. ವಾಂತಿ ಮಾಡಿಕೊಳ್ಳುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ‘ಭಾರ ಹೊರಗೆ ಹೋಗ್ತಿದೆ’ ಅಂದುಕೊಂಡು ಕೂತೆ.

ನಾವು ಉಳಿದಿದ್ದ ಮನೆಯ ಅಡುಗೆಯವರ ಮಗಳು ಫ್ಲಾಸ್ಕು ಹೊತ್ತುಕೊಂಡು ನಮ್ಮ ಜೊತೆ ಮೇಲೆ ಬಂದಿದ್ದಳು. ಕುಸ್ಕೋದಲ್ಲಿ ಟೂರಿಸಂ ಓದುವ ಹುಡುಗಿ, ಇಂಗ್ಲಿಷ್ ಬರುತ್ತದೆ, ಮನೆಮಾತು ಕೆಚುವಾ. ರಾತ್ರಿ ನನ್ನ ಕೋಣೆಗೆ ಬಿಸಿನೀರು ತಂದವಳು ಬಾಗಿಲು ಹಾಕಿ, ಮೆಲ್ಲಗೆ ಕೇಳಿದಳು: "ತಾತ ಹೇಳಿದ್ರೂ ನಿಮ್ಮನ್ನ ಯಾಕೆ ಕೆಳಗೆ ಕರೆದುಕೊಂಡು ಬರಲಿಲ್ಲ?"

ಆ ಪಾಕೋ ಏನು ಹೇಳಿದರು ಅಂದೆ.

"ಈ ಹೆಂಗಸಿಗೆ ಎತ್ತರದ ಕಾಯಿಲೆ ಹಿಡಿದಿದೆ. ಈಗಲೇ ಕೆಳಗೆ ಕರೆದುಕೊಂಡು ಹೋಗು. ಅಷ್ಟೇ ಅವರು ಹೇಳಿದ್ದು."

ಅಷ್ಟೇ. ಪಾಚಮಾಮಾ ಇಲ್ಲ, ಪರೀಕ್ಷೆ ಇಲ್ಲ, ಭಾರ ಇಲ್ಲ. ಕೆಳಗೆ ಕರೆದುಕೊಂಡು ಹೋಗು! ಯಾರಿಂದ ಕಲಿಯಲು ಹೋಗಿದ್ದೆನೋ ಆ ಗುರು ನನಗೆ ಹೇಳಿದ ಒಂದೇ ಒಂದು ಮಾತು ಅದು, ಅದೂ ನನ್ನನ್ನು ತಲುಪಲಿಲ್ಲ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನಾನು ತಲೆ ಬೇರೆ ಆಡಿಸಿದ್ದೆ, ಅವನ ಅನುವಾದಕ್ಕೆ, ಭಕ್ತಿಯಿಂದ!

ಆ ಹುಡುಗಿಯೇ ತನ್ನ ಮಾವನ ಟ್ಯಾಕ್ಸಿ ಕರೆಸಿ ಉರುಬಾಂಬಾದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ರಾತ್ರಿಯಿಡೀ ಆಕ್ಸಿಜನ್ ಕೊಟ್ಟರು. ಬಿಲ್ಲು ಕಟ್ಟಿದ್ದು ನಾನು.

ಅಲ್ಲಿಂದಾಚೆ ನಡೆದದ್ದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಕೆರೋ ಹಳ್ಳಿಗೆ ಹೋಗಲೇ ಇಲ್ಲ. ಅದು ಪೌಕರ್ತಾಂಬೋ ಕಡೆ, ಬಲು ದೂರದ ಎತ್ತರದ ಜಾಗ. "ಆಪು ಅನುಮತಿ ಕೊಟ್ಟಿಲ್ಲ" ಅಂದ ಆಯೋಜಕ. ಆಪು ಅಂದರೆ ಬೆಟ್ಟದ ದೇವರು, ನಮ್ಮ ಫೋನಿನ ಆಪ್ ಅಲ್ಲ. ಆದರೂ ನೋಡಿ, ದುಡ್ಡು ತೆಗೆದುಕೊಳ್ಳುವಾಗ ಆಪು ಒಂದು ಸಲವೂ ಬೇಡ ಅನ್ನಲಿಲ್ಲ. ದೆಸ್ಪಾಚೋ ಅನ್ನುವ ನೈವೇದ್ಯಕ್ಕೆ ತಲಾ 120 ಡಾಲರ್ ‘ಐನಿ’ ಅಂತ ಬೇರೆ ಕಿತ್ತುಕೊಂಡ. ಐನಿ ಅಂದರೆ ಏನು ಅಂತ ಆ ಹುಡುಗಿಯನ್ನು ಕೇಳಿದೆ. ನಮ್ಮ ಹಳ್ಳಿಯ ಮುಯ್ಯಾಳು! ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದರಲ್ಲಿ ಡಾಲರ್ ಎಲ್ಲಿಂದ ಬಂತು? ಕುಸ್ಕೋದ ಸಾನ್ ಪೆದ್ರೋ ಮಾರ್ಕೆಟ್ಟಿನಲ್ಲಿ ಅದೇ ದೆಸ್ಪಾಚೋ ಪೊಟ್ಟಣ ಕಟ್ಟಿ ಮಾರುತ್ತಾರೆ, ನಮ್ಮ ದೇವರಾಜ ಮಾರ್ಕೆಟ್ಟಿನ ಗ್ರಂಧಿಗೆ ಅಂಗಡಿಯಲ್ಲಿ ಪೂಜೆ ಸಾಮಾನು ಕಟ್ಟಿಕೊಡುವ ಹಾಗೆ. ಸಕ್ಕರೆ ಗೊಂಬೆ, ಕಾಳು, ಬಣ್ಣದ ಕಾಗದ, ಲಾಮಾ ಅನ್ನುವ ಅಲ್ಲಿಯ ಪ್ರಾಣಿಯ ಕೊಬ್ಬು, ಎಲ್ಲ ಸೇರಿ 25 ಸೋಲ್ ಅಂದರು. ಡಾಲರ್ ಅಲ್ಲ, ಪೆರುವಿನ ದುಡ್ಡು ಸೋಲ್. ಹತ್ತು ಡಾಲರೂ ಆಗುವುದಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಆ ತಾತ ಮೋಸಗಾರರಲ್ಲ. ಒಂಬತ್ತನೇ ದಿನ ಅವರು ದೆಸ್ಪಾಚೋ ಕಟ್ಟಿದ್ದನ್ನು ನೋಡಿದೆ. ತೂತಿಲ್ಲದ, ಹರಿಯದ ಕೋಕಾ ಎಲೆಗಳನ್ನೇ ಆರಿಸಿ, ಮೂರು ಮೂರು ಜೋಡಿಸಿ, ಉಸಿರು ಊದಿ, ಔಸಂಗಾತೆ ಬೆಟ್ಟದ ಕಡೆ ತಿರುಗಿ ಇಡುತ್ತಿದ್ದರು. ನಮ್ಮಜ್ಜಿ ತುಳಸಿ ಬಿಡಿಸುವಾಗ ಇದ್ದ ಗಮನ ಅದು. ಅವತ್ತು ಅನುವಾದ ಕೇಳಲೇ ಇಲ್ಲ ನಾನು. ಅವರಿಗೆ ಆಯೋಜಕ ದಿನಕ್ಕೆ 60 ಸೋಲ್ ಕೊಡುತ್ತಿದ್ದನಂತೆ. ನನ್ನಂಥ ಒಂಬತ್ತು ಜನರಿಂದ ತಲಾ 3,200 ಡಾಲರ್, ಅವರಿಗೆ 60 ಸೋಲ್.

‘ಐನೂರು ವರ್ಷ ಯಾರ ಕಣ್ಣಿಗೂ ಬೀಳದೆ’ ಅನ್ನುವ ಕಥೆಯೂ ಸುಳ್ಳು. ವಾಪಸು ಬಂದಮೇಲೆ ಓದಿದೆ. ಕೆರೋ ಜನ ಒಬ್ಬ ಜಮೀನ್ದಾರನ ಎಸ್ಟೇಟಿನಲ್ಲಿ ಜೀತ ಮಾಡಿಕೊಂಡಿದ್ದವರು. 1955ರಲ್ಲಿ ಕುಸ್ಕೋ ವಿಶ್ವವಿದ್ಯಾಲಯದ ಆಸ್ಕರ್ ನೂನ್ಯೆಸ್ ದೆಲ್ ಪ್ರಾದೋ ತಂಡ ಕಟ್ಟಿಕೊಂಡು ಅಲ್ಲಿಗೆ ಹೋದ ಮೇಲೆ ಅವರ ಬಿಡುಗಡೆಗೆ ಹೋರಾಟ ಶುರುವಾಗಿ, ಅರವತ್ತರ ದಶಕದಲ್ಲಿ ಭೂಮಿ ಕೈಗೆ ಬಂತು. ಜಮೀನ್ದಾರನ ಕಣ್ಣಿಗೆ ಚೆನ್ನಾಗಿಯೇ ಬಿದ್ದಿದ್ದರು ಪಾಪ.

ಇನ್ನು ಆ ಬೆಂಗಳೂರಿನವಳ ವಾಟ್ಸಾಪ್ ಉತ್ತರಗಳು. ಕ್ಲಿನಿಕ್ಕಿನ ಬಿಲ್ಲು, ಹೋಗದ ಹಳ್ಳಿಯ ಮೂರು ರಾತ್ರಿಯ ದುಡ್ಡು, ಇಷ್ಟನ್ನಾದರೂ ಕೊಡಿ ಅಂತ ಕೇಳಿದೆ. ದುಡ್ಡು ಕಟ್ಟುವವರೆಗೆ ‘ಅಕ್ಕ’ ಆಗಿದ್ದವಳು ಅವತ್ತಿನಿಂದ ‘ಮೇಡಂ’ ಆದೆ.

"ಮೇಡಂ, ಇದು ಶಕ್ತಿಯ ವಿನಿಮಯ. ರಿಫಂಡ್ ಅನ್ನೋ ಪದಾನೇ ಇಲ್ಲಿ ಬರಲ್ಲ."

ಡಾಕ್ಟರ್ ಬರೆದ ಚೀಟಿಯ ಫೋಟೋ ಕಳಿಸಿದೆ. "ಮೇಡಂ, ನಿಮ್ಮ ದೇಹ ರೆಡಿ ಇರಲಿಲ್ಲ, ಬೆಟ್ಟದ್ದೇನು ತಪ್ಪು?"

ಅನುವಾದದ ವಿಷಯ ಎತ್ತಿದೆ. ಒಂದು ದಿನ ಉತ್ತರವೇ ಇಲ್ಲ. ಆಮೇಲೆ ಆಯೋಜಕನದ್ದೇ ಧ್ವನಿ ಸಂದೇಶ. ಪಾಕೋಗಳ ಮಾತನ್ನು ಪದಪದವಾಗಿ ಅನುವಾದಿಸಬಾರದಂತೆ, ಹೃದಯದಿಂದ ಅನುವಾದಿಸಬೇಕಂತೆ. ಕೊನೆಗೆ, "ಈಗ ಮಾತಾಡುತ್ತಿರುವುದು ನೀನಲ್ಲ, ನಿನ್ನ ಹುಚ" ಅಂದ. ಹುಚ ಅಂದರೆ ಕೆಚುವಾದಲ್ಲಿ ಒಳಗೆ ಕೂತ ಭಾರ. ಕನ್ನಡದ ಕಿವಿಗೆ ಹೇಗೆ ಕೇಳಿಸಿತು ಅಂತ ನಾನು ಹೇಳಬೇಕಿಲ್ಲ. ನಿಜವೇ ಅನ್ನಿ. ಹುಚ್ಚೇ ಇಲ್ಲದಿದ್ದರೆ ಎರಡೂಮುಕ್ಕಾಲು ಲಕ್ಷ ಕೊಟ್ಟು ಪಂಗನಾಮ ಹಾಕಿಸಿಕೊಂಡು ಬರುತ್ತಿದ್ದೆನೇ?

ಹೋಗಲೇಬೇಕು ಅನ್ನುವವರಿಗೆ: ಮೊದಲ ಮೂರು ದಿನ ಮೇಲೆ ಹತ್ತಬೇಡಿ, ಉಪವಾಸ ಬೇಡ, ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಅನುವಾದಕ ಆಯೋಜಕನ ಮನುಷ್ಯನಾಗಿರಬಾರದು. ‘ಅಯಾವಾಸ್ಕಾ ರಾತ್ರಿ’ ಅಂತ ಕೊನೆಗೆ ಸೇರಿಸಿದರೆ ಎದ್ದು ಬನ್ನಿ. ಅಯಾವಾಸ್ಕಾ ಅಂದರೆ ಭ್ರಮೆ ಹುಟ್ಟಿಸುವ ಬಳ್ಳಿಯ ಕಷಾಯ, ಅದು ಅಮೆಜಾನ್ ಕಾಡಿನ ಜನರದ್ದು, ಈ ಬೆಟ್ಟದವರದ್ದಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗಂತೂ ಜೀವಕ್ಕೇ ಅಪಾಯ. ನಮ್ಮ ಗುಂಪಿನಲ್ಲಿ ಯಾರನ್ನೂ ಆ ಪ್ರಶ್ನೆ ಕೇಳಲಿಲ್ಲ. ಇನ್ನೊಂದು, ಕೊನೇ ದಿನ ಬಟ್ಟೆಗಂಟಿನಲ್ಲಿ ಕೋಕಾ ಎಲೆ ಕಟ್ಟಿ "ಪ್ರಸಾದ, ಮನೆಗೆ ಒಯ್ಯಿರಿ" ಅಂತ ಕೊಡುತ್ತಾರೆ. ಪೆರುವಿನಲ್ಲಿ ಅದನ್ನು ಸೊಪ್ಪಿನ ಹಾಗೆ ಮಾರುತ್ತಾರೆ, ಚಹಾ ಮಾಡಿ ಕುಡಿಯುತ್ತಾರೆ. ಆದರೆ ಕೊಕೇನ್ ತೆಗೆಯುವುದು ಈ ಎಲೆಯಿಂದಲೇ, ಭಾರತದಲ್ಲಿ ಮಾದಕ ವಸ್ತುಗಳ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಅಪರಾಧ. ನಾನು ಲಿಮಾದಲ್ಲೇ ಕಸದ ಬುಟ್ಟಿಗೆ ಹಾಕಿದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದಿದ್ದರೆ ಆಪು ಬಿಡಿಸಿಕೊಂಡು ಬರುತ್ತಿದ್ದನಾ?

ನನ್ನ ಹುಡುಗಿ ಅಡ್ವಾನ್ಸ್ ಕಟ್ಟಲು ಹೊರಟಿದ್ದಳಲ್ಲ, ಅವಳು ಅವರ ಹೊಸ ಪೋಸ್ಟರ್ ಕಳಿಸಿದಳು. ‘ಮುಂದಿನ ಯಾತ್ರೆಗೆ ಆರು ಸೀಟು ಮಾತ್ರ ಬಾಕಿ. ಬದುಕು ಬದಲಾಯಿತು ಅನ್ನುತ್ತಾರೆ ಹೋಗಿ ಬಂದವರು’ ಅಂತ ಬರೆದಿದೆ. ಕೆಳಗೆ ಗುಲಾಬಿ ಟೋಪಿ ಹಾಕಿಕೊಂಡು ಹಲ್ಲುಕಿರಿದು ನಿಂತವಳು ನಾನು. ತೆಗೆಯಿರಿ ಅಂತ ಮೂರು ಸಲ ಬರೆದೆ. ಮೂರು ಸಲವೂ ಬೆಂಗಳೂರಿನವಳು ಕೈಮುಗಿಯುವ ಗೊಂಬೆ ಕಳಿಸಿದ್ದಾಳೆ, ಅಷ್ಟೇ.