ಎರಡು ಪತ್ರಿಕೆ, ಎರಡು ಕೈಪಂಪು

ನಿಜವಾದ ಹಬೆಯಿಂದ ಓಡುವ ಪುಟ್ಟ ರೈಲು ಇಂಜಿನ್ ಕಟ್ಟುವವರು ಎರಡು ಪತ್ರಿಕೆಗಳ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾರೆ. ಒಂದು, ಪರ್ಸಿವಲ್ ಮಾರ್ಷಲ್ 1898ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದ ‘ಮಾಡೆಲ್ ಇಂಜಿನಿಯರ್’. ಇನ್ನೊಂದು, 1966ರಲ್ಲಿ ಅಮೆರಿಕದಲ್ಲಿ ಸಣ್ಣ ಸುದ್ದಿಪತ್ರವಾಗಿ ಹುಟ್ಟಿ ಬೆಳೆದ ‘ಲೈವ್ ಸ್ಟೀಮ್’. ಎರಡರ ಹಳೆಯ ಸಂಚಿಕೆಗಳೂ ನನ್ನ ಹತ್ತಿರ ರಾಶಿ ಇವೆ. ಯಾವುದನ್ನು ನೋಡಿ ಕೆಲಸ ಮಾಡಿದರೆ ಬೆಂಗಳೂರಿನ ನನ್ನ ಚಿಕ್ಕ ಲೇತಿಗೆ ಒಗ್ಗೀತು ಎಂದು ತಿಳಿಯಲು, ಬಾಯ್ಲರಿಗೆ ನೀರು ತುಂಬುವ ಕೈಪಂಪನ್ನೇ ಎರಡು ಸಲ ಮಾಡಿದೆ. ಮೊದಲನೆಯದು ಮಾಡೆಲ್ ಇಂಜಿನಿಯರ್ ದಾರಿಯಲ್ಲಿ, ಎರಡನೆಯದು ಲೈವ್ ಸ್ಟೀಮ್ ದಾರಿಯಲ್ಲಿ.

ಮಾಡೆಲ್ ಇಂಜಿನಿಯರ್ ಎಂದರೆ ನನಗೆ ಅದರಲ್ಲಿ ಬರೆಯುತ್ತಿದ್ದ ಎಲ್‌ಬಿಎಸ್‌ಸಿ. ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯಲ್ಲಿ ದುಡಿದ ಈ ಮನುಷ್ಯ ಆ ರೈಲ್ವೆಯ ಮೊದಲಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡರು. ಅಷ್ಟು ಚಿಕ್ಕ ಇಂಜಿನ್ನಿಗೆ ಸ್ಪಿರಿಟ್ ದೀಪವೇ ಸರಿ ಎಂದು ಹೆನ್ರಿ ಗ್ರೀನ್ಲಿಯಂಥ ಹೆಸರಾಂತ ವಿನ್ಯಾಸಕಾರರು ನಂಬಿದ್ದ ಕಾಲ ಅದು. 2½ ಇಂಚು ಅಗಲದ ಹಳಿಯ ಮೇಲೆ ಕಲ್ಲಿದ್ದಲು ಉರಿಸಿ, ಹಿಂದೆ ದೊಡ್ಡವರನ್ನು ಕೂರಿಸಿಕೊಂಡು ಎಳೆಯುವ ‘ಅಯೇಷಾ’ವನ್ನು ಎಲ್‌ಬಿಎಸ್‌ಸಿ ತೋರಿಸಿದರು. 1920ರ ದಶಕದ ಆರಂಭದಲ್ಲಿ ಪತ್ರಿಕೆಯ ಪುಟಗಳಲ್ಲಿ ನಡೆದ ಈ ಜಗಳಕ್ಕೆ ‘ಬಾಯ್ಲರ್ ಕದನ’ ಎಂದೇ ಹೆಸರು. ಇವತ್ತು ನಾವು ಅಂಗೈಯಗಲದ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದರೆ ಅದರ ಋಣ ಆ ಪುಟಗಳದ್ದು.

ಅವರ ಬರಹ ಪಕ್ಕದಲ್ಲಿ ನಿಂತು ಮಾತಾಡಿದ ಹಾಗೆ. ಪಂಪಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟದ ಗುಂಡನ್ನು ಅದರ ಪೀಠದ ಮೇಲಿಟ್ಟು, ಹಿತ್ತಾಳೆ ಸರಳು ತಾಗಿಸಿ ಸುತ್ತಿಗೆಯಿಂದ ಒಂದೇ ಒಂದು ಏಟು ಕೊಡು ಎನ್ನುತ್ತಾರೆ. ಕೊಟ್ಟೆ. ನೀರು ಹಿಂದಕ್ಕೆ ಸೋರುವುದು ನಿಂತೇಹೋಯಿತು. ಆದರೆ ತುಕ್ಕು ಹಿಡಿಯದ ಗುಂಡು ಬೇಕೆಂದು ಅವರು ಬರೆದದ್ದನ್ನು ನಾನು ಓಡಿಸಿಕೊಂಡು ಓದಿದ್ದೆ. ಬೇರಿಂಗಿನ ಮಾಮೂಲಿ ಗುಂಡು ಹಾಕಿದೆ, ಹದಿನೈದು ದಿನಕ್ಕೆ ಕೆಂಪಗೆ ಹಿಡಿದುಕೊಂಡಿತು. ಎಲ್ಲವೂ ಮಾತಿನ ಹೊಳೆಯಲ್ಲೇ ಹರಿದು ಬರುವುದರಿಂದ ಇಂಥದ್ದು ಕೈತಪ್ಪುತ್ತದೆ. ಇನ್ನೊಂದು ತೊಡಕು ಎರಕದ್ದು. ಅವರ ‘ಟಿಚ್’ ಇಂಜಿನ್ನಿನ ಸಿಲಿಂಡರು, ಚಕ್ರ ಎಲ್ಲವನ್ನೂ ಅಲ್ಲಿನ ಓದುಗರು ಎರಕದ ತುಂಡುಗಳಾಗಿ ಅಂಚೆಯಲ್ಲಿ ತರಿಸಿಕೊಂಡರು. ಇಲ್ಲಿಗೆ ತರಿಸಲು ಹೋದರೆ ಸಾಗಣೆಯ ಖರ್ಚೇ ಎದೆ ನಡುಗಿಸುತ್ತದೆ.

ಲೈವ್ ಸ್ಟೀಮ್ ನನ್ನನ್ನು ಗೆದ್ದದ್ದು ಈ ಜಾಗದಲ್ಲೇ. ಅದರಲ್ಲಿ ಜಪಾನಿನ ಕೊಜೊ ಹಿರಾಓಕಾ ಬರೆದ ಲೇಖನಮಾಲೆಗಳಿವೆ. ಟಿಚ್‌ನಂತೆಯೇ 3½ ಇಂಚಿನ ಹಳಿಯ, ನಾಲ್ಕೇ ಚಕ್ರದ ‘ಪೆನ್ಸಿಲ್ವೇನಿಯಾ ಎ3’ ಅವರದು. ಎರಕವೇ ಇಲ್ಲ. ಅಂಗಡಿಯಲ್ಲಿ ಸಿಗುವ ಲೋಹದ ಬಾರು (ಗಟ್ಟಿ ಸರಳು), ತಗಡನ್ನು ಕತ್ತರಿಸಿ ಬ್ರೇಜಿಂಗ್ ಮಾಡಿ, ಅಂದರೆ ಬೇರೊಂದು ಲೋಹವನ್ನು ಕರಗಿಸಿ ಬೆಸೆದು, ಜೋಡಿಸುವುದು. ತುಂಡನ್ನು ಯಾವ ಮಗ್ಗುಲಾಗಿ ಹಿಡಿಯಬೇಕು, ಯಾವ ತೂತು ಮೊದಲು ಎಂಬುದಕ್ಕೆಲ್ಲ ಚಿತ್ರವಿದೆ. ಎಸ್‌ಜೆಪಿ ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು ಗನ್‌ಮೆಟಲ್ ಎಂಬ ಕಂಚಿನ ಬಾರು ತಂದೆ. ಮೊದಲ ಪಂಪಿಗೆ ಐದು ಭಾನುವಾರ ಹಿಡಿದಿದ್ದರೆ ಎರಡನೆಯದು ಎರಡರಲ್ಲಿ ಮುಗಿಯಿತು, ಒಂದು ತುಂಡೂ ಕೆಡಲಿಲ್ಲ.

ಮರೆಯುವುದಕ್ಕೆ ಮುಂಚೆ ತಿರುಪಿನ ಮರೆಯ ವಿಚಾರ ಹೇಳಿಬಿಡುತ್ತೇನೆ. ಬ್ರಿಟಿಷರ 6ಬಿಎ ತಿರುಪು 2.8 ಮಿ.ಮೀ., ಅಮೆರಿಕದ 4-40 ಸುಮಾರು 2.84. ತೂತಿನೊಳಗೆ ಮರೆ ಕೊರೆಯುವ ಟ್ಯಾಪು ಎರಡಕ್ಕೂ ನನಗೆ ಸಿಗಲಿಲ್ಲ, ಎರಡೂ ಕಡೆ 3 ಮಿ.ಮೀ.ನ ಎಂ3 ತಿರುಪು ಹಾಕಿದೆ, ನಡೆಯಿತು. ಅಂಚಿನಲ್ಲಿ ಲೋಹ ತೆಳುವಾಗಿದ್ದರೆ ಮಾತ್ರ ಅಳೆದು ನೋಡಿ.

ಹೊಸದಾಗಿ ಕೈಹಾಕುವವರು, ಹತ್ತಿರದಲ್ಲಿ ಕೇಳಲು ಹಿರಿಯರಿಲ್ಲದವರು ಕೊಜೊ ಅವರಿಂದಲೇ ಶುರುಮಾಡಿ ಎನ್ನುತ್ತೇನೆ. ನಾನೂ ಎ3 ಹಿಡಿದಿದ್ದೇನೆ, ಇಂಜಿನ್ನಿನ ಹಿಂದೆ ನೀರು, ಕಲ್ಲಿದ್ದಲು ಹೊರುವ ಗಾಡಿಯಾದ ಟೆಂಡರಿನ ಚೌಕಟ್ಟು ಸಿದ್ಧವಾಗಿದೆ. ಆದರೆ ಅದರೊಳಗೆ ಕೂರಿಸಲಿರುವುದು ಮೊದಲು ಮಾಡಿದ ಪಂಪನ್ನು. ಗುಂಡು ಬದಲಿಸಿದ ಮೇಲೆ ಅದರ ಹಿಡಿಯನ್ನು ಒತ್ತಿದರೆ ನೀರು ಹೋಗುತ್ತಿದೆಯೋ ಗಾಳಿ ಹೋಗುತ್ತಿದೆಯೋ ಅಂಗೈಗೇ ತಿಳಿಯುತ್ತದೆ. ಸೋರಿ, ಬಿಚ್ಚಿ, ಮತ್ತೆ ಕೂರಿಸಿ ಆರು ಸಲ ಕೆಲಸ ಮಾಡಿಸಿಕೊಂಡ ಪಂಪು ಅದು.